ಹೊರಟವರ ಪಡಖಾನೆ

"ಗುರುಗಳೇ, ಮನಸ್ಸು ಗಟ್ಟಿ ಮಾಡಿದ ಮೇಲೂ ಕಾಲು ಯಾಕೆ ಏಳುವುದಿಲ್ಲ?" ಎಂದು ಕರಿಸಿದ್ಧ ಕೇಳಿದ.

ಒಂಬತ್ತು ವರ್ಷದಿಂದ ಅವನೊಡನೆ ಮಾತು ಬಿಟ್ಟಿದ್ದ ತಮ್ಮ ಹಾಸಿಗೆ ಹಿಡಿದಿದ್ದ. ಅಣ್ಣನನ್ನು ಒಮ್ಮೆ ನೋಡಬೇಕು ಅನ್ನುತ್ತಿದ್ದಾನೆ ಎಂದು ಸುದ್ದಿ ಬಂದಿತ್ತು. "ಹೊರಟೆ" ಎಂದು ಕರಿಸಿದ್ಧ ಮಠಕ್ಕೆಲ್ಲ ಹೇಳಿ ಐದು ದಿನವಾಗಿತ್ತು. ಎಲ್ಲರೂ ಭೇಷ್ ಅಂದಿದ್ದರು. ದಿನಾ ಬೆಳಿಗ್ಗೆ ಅಡುಗೆಯವರು ದಾರಿಗೆಂದು ಬುತ್ತಿ ಕಟ್ಟಿಕೊಡುತ್ತಿದ್ದರು.

"ಕೂತುಕೋ ಅನ್ನಬೇಕೆಂದಿದ್ದೆ. ಹೇಗೂ ಕೂತೇ ಇದ್ದೀಯಲ್ಲ, ಕೇಳು" ಎಂದು ಗುರುಗಳು ಕತೆ ಹೇಳಿದರು.

ಒಂದು ಬೆಟ್ಟದ ಗವಿಯಲ್ಲಿ ಒಬ್ಬ ರಾಕ್ಷಸನಿದ್ದ. ಬೆಟ್ಟದ ಬುಡದಲ್ಲಿ ಒಂದು ಪಡಖಾನೆ. ರಾಕ್ಷಸನನ್ನು ಕೊಲ್ಲಲು ಬಂದ ಸಾಹಸಿಗಳೆಲ್ಲ ಸೇರುವ ಜಾಗ ಅದು. ಕತ್ತಿಯವನು, ಬಿಲ್ಲುಗಾರ, ಮಂತ್ರವಾದಿ, ಎಲ್ಲರೂ ಇದ್ದರು. ಅಲ್ಲೊಂದು ಪದ್ಧತಿ. ಯಾರು ಎದ್ದು ನಿಂತು "ಹೊರಟೆ!" ಅನ್ನುತ್ತಾರೋ ಅವರಿಗೆ ಒಡತಿ ಒಂದು ಕುಡಿಕೆ ಹೆಂಡ ಕೊಡಬೇಕು, ಉಳಿದವರು ಜೈ ಅನ್ನಬೇಕು. ಕುಡಿಯಲು ಕೂರಬೇಕಲ್ಲ, ಕೂರುತ್ತಿದ್ದರು. ನಮ್ಮ ಮಾತಿನ ಚೆಂದ ನೋಡು. ಕೂತವನೂ "ಹೊರಟೆ" ಅನ್ನಬಹುದು, ಆಗಿಹೋದ ಕೆಲಸದ ಹಾಗೆ. ಕೆಲವರು ಹನ್ನೆರಡು ವರ್ಷದಿಂದ ಹೊರಟಿದ್ದರು, ಪುಣ್ಯಾತ್ಮರು.

ಒಂದು ಬೆಳಿಗ್ಗೆ ಹಗ್ಗ ಹೊಸೆಯುವ ಒಬ್ಬ ಹೆಂಗಸು ಓಡಿ ಬಂದಳು. "ಅಣ್ಣಂದಿರಾ, ರಾಕ್ಷಸ ನನ್ನ ಮಗಳನ್ನು ಹೊತ್ತುಕೊಂಡು ಹೋದ. ಕಾಪಾಡ್ರಪ್ಪಾ" ಎಂದು ಅತ್ತಳು.

ಎಲ್ಲರೂ ದಡಕ್ಕನೆ ಎದ್ದರು. "ಹೊರಟೆವು ತಾಯಿ!"

ಒಡತಿ ಎಲ್ಲರಿಗೂ ತುಂಬಿ ಕೊಟ್ಟಳು. ಎಲ್ಲರೂ ಕೂತರು. ಪಾಪ, ಅವರಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ರಾಕ್ಷಸ ಹಗಲೆಲ್ಲ ಮಲಗುತ್ತಾನೆ, ಹೊತ್ತು ಮುಳುಗಿದ ಮೇಲೆ ಎದ್ದು ಉಣ್ಣುತ್ತಾನೆ. ಗವಿಯ ಹಿಂದೆ ಒಂದು ಕಿಂಡಿ ಇದೆ, ಹಗ್ಗ ಇಳಿಬಿಟ್ಟರೆ ಒಳಕ್ಕೆ ಇಳಿಯಬಹುದು. ಇದನ್ನೆಲ್ಲ ಅವರೇ ಹೇಳಿದರು. ಮುಂದೆ ಯಾರು ನಡೆಯಬೇಕು ಅನ್ನುವುದೊಂದೇ ತೀರ್ಮಾನವಾಗಲಿಲ್ಲ.

ಹೊತ್ತು ನೆತ್ತಿಗೆ ಬಂತು. ಹೆಂಗಸು ಕಣ್ಣೊರೆಸಿಕೊಂಡಳು. ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಒಡತಿ ರೂಢಿಯಂತೆ ಕುಡಿಕೆ ಚಾಚಿ, "ಹೊರಟೆ ಅನ್ನವ್ವ, ತಗೋ" ಅಂದಳು.

"ಮುಚ್ಚಿಡವ್ವ. ಬಂದ ಮೇಲೆ ಕುಡೀತೀನಿ."

ಅವಳಿಗೆ ಭಯವಿರಲಿಲ್ಲ ಅಂದುಕೊಳ್ಳಬೇಡ. ಕಾಲು ಗಡಗಡ ನಡುಗುತ್ತಿತ್ತು. ನಡುಗುವ ಕಾಲಲ್ಲೇ ಬೆಟ್ಟ ಹತ್ತಿದಳು. ಕಿಂಡಿಯಲ್ಲಿ ಹಗ್ಗ ಇಳಿಬಿಟ್ಟರೆ ಒಂದಾಳುದ್ದ ಸಾಲದೆ ಬಂತು. ಸೆರಗು ಹರಿದು ಗಂಟು ಹಾಕಿ ಇಳಿದಳು. ರಾಕ್ಷಸ ಗೊರಕೆ ಹೊಡೆಯುತ್ತಿದ್ದ. ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಮೇಲಕ್ಕೆ ಹತ್ತಿದಳು. ಅಂಗೈಯ ಚರ್ಮ ಕಿತ್ತು ಬಂತು. ಅವಳು ಹಗ್ಗ ಬಿಡಲಿಲ್ಲ.

ಹೊತ್ತು ಮುಳುಗುವ ಮೊದಲೇ ಪಡಖಾನೆಯ ಬಾಗಿಲಿಗೆ ಬಂದಳು. ಬಿಲ್ಲುಗಾರ ತಿರುಗಿಯೂ ನೋಡದೆ, "ತಡಿಯವ್ವ, ಇದೋ ಹೊರಟೆವು" ಅಂದ. ಆಕೆ ಮುಚ್ಚಿಟ್ಟಿದ್ದ ಕುಡಿಕೆಯನ್ನು ರಕ್ತದ ಕೈಯಲ್ಲೇ ಎತ್ತಿ ಗಟಗಟ ಕುಡಿದಳು. ಮಗಳನ್ನು ಕರೆದುಕೊಂಡು ಮನೆಗೆ ಹೋದಳು.

ಕತೆ ಮುಗಿಯಿತು. ಕರಿಸಿದ್ಧ ತೊಡೆ ತಟ್ಟಿ ನಕ್ಕ.

"ಥೂ, ಎಂಥ ನಾಚಿಕೆಗೆಟ್ಟ ಜನ ಗುರುಗಳೇ ಅವರು!"

ಗುರುಗಳು ನಗಲಿಲ್ಲ. ಅವನ ಪಕ್ಕದಲ್ಲಿ ಬಿದ್ದಿದ್ದ ಬುತ್ತಿಯ ಬಟ್ಟೆಯನ್ನು ಒಮ್ಮೆ ನೋಡಿದರು.

"ಅದಿರಲಿ ಮಾರಾಯ, ಇವತ್ತಿನ ಬುತ್ತಿ ಎಲ್ಲಿ ಕೂತು ಉಂಡೆ?"