ಇಪ್ಪೆಮರದ ಕಟ್ಟೆ

“ಗುರುಗಳೇ, ನಮಗೆ ನೆರಳಾದವರಿಗೆ ನಾವು ಏನು ಕೊಡಬೇಕು?”

ಕೇಳಿದವನು ಶಿಷ್ಯ ಕಲ್ಲಯ್ಯ. ತಂದೆತಾಯಿ ಇಲ್ಲದ ಅವನನ್ನು ಗುರುಗಳು ಹತ್ತು ವರ್ಷ ಸಾಕಿ ಓದಿಸಿದ್ದರು. ಈ ಚಳಿಗಾಲದಲ್ಲಿ ಅವರು ಕೆಮ್ಮಿ ಕೆಮ್ಮಿ ಸೊರಗಿದ್ದರು. ಅವರು ಕೂರುವ ತೆರೆದ ಜಗಲಿಗೆ ಸುತ್ತ ಗೋಡೆ ಎಬ್ಬಿಸಿ, ಬಾಗಿಲಿಟ್ಟು, ಬಂದುಹೋಗುವವರನ್ನು ತಡೆಯಬೇಕೆಂದು ಅವನು ನಿಶ್ಚಯಿಸಿದ್ದ. ಕಲ್ಲು ಆಗಲೇ ಅಂಗಳಕ್ಕೆ ಬಂದು ಬಿದ್ದಿತ್ತು. ಗುರುಗಳು ಎರಡು ಸಲ ಬೇಡವೆಂದಿದ್ದರು. ಸಂಕೋಚಕ್ಕೆ ಹಾಗೆನ್ನುತ್ತಾರೆ ಎಂದು ಅವನು ಬಗೆದಿದ್ದ. ಈಗ ಅವರ ಮೊಣಕಾಲಿಗೆ ತಾಗಿಕೊಂಡೇ ಕುಳಿತು ಕಾಲು ಒತ್ತುತ್ತಿದ್ದ.

ಗುರುಗಳು ಅಂಗಳದ ಕಲ್ಲಿನತ್ತ ಒಮ್ಮೆ ನೋಡಿ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನ ಮನೆಯ ಮುಂದೆ ಅವನ ಅಜ್ಜನಿಗಿಂತ ಹಳೆಯದಾದ ಇಪ್ಪೆಮರವಿತ್ತು. ಗಂಜಿ ಹಾಕಿದ ನೂಲನ್ನು ಬಿಸಿಲಿನಲ್ಲಿ ಎಳೆದು ಕಟ್ಟಿದರೆ ಅದು ಬೇಗ ಒಣಗಿ ಎಳೆಗಳು ತುಂಡಾಗುತ್ತವೆ. ಆ ಮರದಡಿ ಕಟ್ಟಿದರೆ ಒಂದೆಳೆಯೂ ಕಡಿಯುತ್ತಿರಲಿಲ್ಲ. ಮೂರು ತಲೆಮಾರು ಆ ನೆರಳಿನಲ್ಲೇ ಅನ್ನ ಕಂಡಿತ್ತು. ಎಲೆ ಉದುರುವ ಕಾಲದಲ್ಲಿ ಹೆಂಡತಿ ನೂಲಿಗೆ ಅಂಟಿದ ಎಲೆ ಆರಿಸುತ್ತ ಮರವನ್ನೂ ಗಂಡನನ್ನೂ ಸೇರಿಸಿ ಬೈಯುತ್ತಿದ್ದಳು. ಆದರೂ ಕಡಿಸು ಎಂದು ಒಂದು ದಿನವೂ ಅಂದವಳಲ್ಲ.

ಮಗಳ ಮದುವೆಯೂ ಮರದ ಕೆಳಗೇ ಸುಸೂತ್ರವಾಗಿ ನಡೆಯಿತು. ನೇಕಾರನ ಮನಸ್ಸು ತುಂಬಿ ಬಂತು. ಇಷ್ಟೆಲ್ಲ ಕೊಟ್ಟ ಮರಕ್ಕೆ ತಾನೇನು ಮಾಡಿದೆ ಎಂದುಕೊಂಡ. ಬುಡದ ಸುತ್ತ ಎದೆಮಟ್ಟದ ಕಟ್ಟೆ ಕಟ್ಟಿಸಿ, ಕೆರೆಯ ಜೇಡಿ ತುಂಬಿಸಿ, ಗಟ್ಟಿಯಾಗಿ ಬಡಿಸಿ, ಕಾಂಡಕ್ಕೆ ಅಂಟಿಕೊಂಡಂತೆ ಚಪ್ಪಡಿ ಹಾಸಿಸಿದ. ಊರವರು ಹೊಗಳಿದರು. ಅವನು ಉಬ್ಬಿಹೋದ.

ಮರುವರ್ಷ ಎಲೆ ಸಣ್ಣದಾಯಿತು. ಅದರ ಮರುವರ್ಷ ನೆತ್ತಿ ಒಣಗಿತು. ಒಂದು ಮಧ್ಯಾಹ್ನ ದೊಡ್ಡ ಕೊಂಬೆಯೊಂದು ಮುರಿದು, ಹೆಂಡತಿ ಆಗಷ್ಟೇ ಎದ್ದುಹೋದ ಜಾಗಕ್ಕೆ ಬಿತ್ತು. ಇನ್ನು ಇದರ ಸಹವಾಸ ಸಾಕು, ಕಡಿಸಿಬಿಡು ಎಂದರು ಅಂದು ಹೊಗಳಿದವರೇ. ನೇಕಾರ ಕಣ್ಣೊರೆಸಿಕೊಂಡು ಮರ ಕಡಿಯುವವನನ್ನು ಕರೆಸಿದ.

ಅವನು ಕೊಡಲಿ ಕೆಳಗಿಟ್ಟು ಮರಕ್ಕೊಂದು ಸುತ್ತು ಬಂದ. “ಇದರ ಬುಡ ಎಲ್ಲಿದೆ, ಯಜಮಾನರೇ?” ಎಂದ.

ನೇಕಾರ ಚಪ್ಪಡಿಯ ಮೇಲೆ ಕಾಂಡ ಏಳುವ ಜಾಗ ತೋರಿಸಿದ.

“ಅದು ನೀವು ಕಟ್ಟಿದ್ದು. ಬುಡ ಅದರೊಳಗೆ ಉಸಿರು ಕಟ್ಟಿ ಕೂತಿದೆ. ಕೊಡಲಿ ಬೇಡ, ಗುದ್ದಲಿ ತನ್ನಿ.”

ಕಟ್ಟಿಸಿದವನೇ ಕೆಡವಿದ. ಬೇರಿಗೆ ಏಟು ಬೀಳಬಾರದೆಂದು ಕೊನೆಯ ಮಣ್ಣನ್ನು ಗಂಡಹೆಂಡಿರು ಕೈಯಲ್ಲೇ ಬಾಚಿದರು. ಮರ ಕಡಿಯುವವನು ಹತ್ತಿ ಒಣಕೊಂಬೆಗಳನ್ನಷ್ಟೇ ಇಳಿಸಿದ. ಬೇರನ್ನು ತುಳಿಯದಂತೆ ನೂಲು ಕಟ್ಟುವ ಗೂಟಗಳನ್ನು ಬುಡದಿಂದ ದೂರ ಸರಿಸಿದರು. ಎರಡು ವರ್ಷ ನೇಕಾರ ತಲೆಯೆತ್ತಿ ನೋಡುತ್ತಲೇ ಇದ್ದ. ಮೂರನೆಯ ವಸಂತದಲ್ಲಿ ಮೇಲೆ ಕೆಂಪು ಚಿಗುರು ಕಾಣಿಸಿತು. ಅವನು ನಿಂತಲ್ಲೇ ಕೈಮುಗಿದ.

ಮುಂದಿನ ವರ್ಷ ನೂಲಿನ ತುಂಬ ಎಲೆ ಉದುರಿತು. ಹೆಂಡತಿ ಹಿಂದಿನಂತೆಯೇ ಬೈಯುತ್ತ ಆರಿಸತೊಡಗಿದಳು. ಆ ಬೈಗುಳ ಕೇಳಿ ನೇಕಾರನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಕತೆ ಅಲ್ಲಿಗೆ ಮುಗಿಯಿತು. ಕಲ್ಲಯ್ಯನಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ನೇಕಾರ ಆ ಮರಕ್ಕೆ ಕೊನೆಗೂ ಏನು ಕೊಟ್ಟಂತಾಯಿತು?” ಎಂದು ಕೇಳಿದ.

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

“ನೀನಿರುವುದು ನನ್ನ ಪುಣ್ಯ, ಮಗು, ಒಂದು ಮೊಳ ಸರಿದು ಕುಳಿತುಕೋ.”