ಗರಿಕೆಯ ಮೇಲೆ ಮಲಗಿದ ಗೋಣಿಚೀಲ

ಇದು ಶುರುವಾದದ್ದು ಯುಗಾದಿ ಮುಗಿದ ಮೂರನೆಯ ದಿನ. ಕೈತೋಟದ ಪಾತಿಯಲ್ಲಿ ಹಬ್ಬಿದ್ದ ಗರಿಕೆಯನ್ನು ಗುದ್ದಲಿ ಮೂರು ಸಲ ಅಗೆದಿತ್ತು. ತುಂಡಾದ ಪ್ರತಿ ಗಿಣ್ಣೂ ಮತ್ತೆ ಬೇರು ಬಿಟ್ಟಿತ್ತು.

“ಗುದ್ದಲಿಯಣ್ಣಾ, ಇನ್ನಷ್ಟು ಸಣ್ಣಗೆ ಕತ್ತರಿಸು. ನಮ್ಮ ಸಂಸಾರ ದೊಡ್ಡದಾಗಲಿ,” ಎಂದಿತು ಗರಿಕೆ.

ಮಳೆಗಾಲಕ್ಕೆ ಅಲ್ಲಿ ಬದನೆ ನೆಡಬೇಕಿತ್ತು. ಗುದ್ದಲಿ ಸೋತು ಗೋಡೆಗೆ ಒರಗಿತು.

“ನಾನು ಅದರ ಮೇಲೆ ಮಲಗಲೇ?” ಎಂದು ಹಳೆಯ ಗೋಣಿಚೀಲ ಕೇಳಿತು.

“ದುಡಿದ ನನ್ನಿಂದಲೇ ಆಗಲಿಲ್ಲ. ಮಲಗಿ ನೀನೇನು ಸಾಧಿಸುತ್ತೀಯ?”

“ಅದಕ್ಕೆ ಬಿಸಿಲು ಕಾಣದಂತೆ ಮಾಡುತ್ತೇನೆ.”

ಚೀಲ ನಾಲ್ಕು ಪದರವಾಗಿ ಪಾತಿಯ ಮೇಲೆ ಮಲಗಿತು. ಮೊದಲ ವಾರ ಗರಿಕೆ ಕೆಳಗಿನಿಂದ ನಕ್ಕಿತು. ಐದನೆಯ ವಾರ, “ಅಣ್ಣಾ, ಒಮ್ಮೆ ಬಂದು ಅಗೆಯೋ,” ಎಂದು ಗುದ್ದಲಿಯನ್ನು ಬೇಡಿತು. ಗುದ್ದಲಿ ಕದಲಲಿಲ್ಲ.

ಹತ್ತನೆಯ ವಾರ ಚೀಲ ಎದ್ದಿತು. ಪಾತಿಯಲ್ಲಿ ಉಳಿದಿದ್ದ ಹಸಿರು ಎಳೆಗಳು ಎರಡೇ ಎರಡು.