ಅರ್ಧ ಮುಚ್ಚಿದ ಎಲೆ

ಹೊಳೆ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಸಿದ್ಧಮಲ್ಲಯ್ಯ ಎಂಬ ಗುರುಗಳು. ಆ ಸೀಮೆಯಲ್ಲಿ ಗುರುಗಳನ್ನು ‘ಬುದ್ಧಿ’ ಎಂದೇ ಕರೆಯುವುದು ವಾಡಿಕೆ.

ಬುದ್ಧಿಯವರ ತಾಳ್ಮೆ ಸುತ್ತಿನ ಊರುಗಳಿಗೆಲ್ಲ ಗೊತ್ತಿತ್ತು. ಆ ತಾಳ್ಮೆಗೆ ಮೂರೇ ವರ್ಷದಲ್ಲಿ ತಳ ಕಾಣಿಸಿದವಳು ಶಿಷ್ಯೆ ದಾಕ್ಷಾಯಿಣಿ.

ಅವಳು ಪೇಟೆಯ ಬಿಸ್ಕತ್ತು ಕಾರ್ಖಾನೆಯಲ್ಲಿ ಮ್ಯಾನೇಜರ್. ಇನ್ನೂರು ಜನ ಅವಳ ಕೈಕೆಳಗೆ. ಯಂತ್ರ ಕೆಟ್ಟರೆ, ಲಾರಿ ಬಾರದಿದ್ದರೆ, ನಿಂತ ನಿಲುವಿನಲ್ಲೇ ತೀರ್ಮಾನ ಕೊಡುವ ಹೆಂಗಸು. ಆದರೆ ಭಾನುವಾರ ಆಶ್ರಮದ ಮೆಟ್ಟಿಲು ಹತ್ತಿದಳೆಂದರೆ ಬಾಯಲ್ಲಿ ಒಂದೇ ಪ್ರಶ್ನೆ.

“ಬುದ್ಧಿ, ನಾನು ಪಿಎಚ್‌ಡಿ ಮಾಡ್ಲೋ ಬೇಡ್ವೋ?”

ಕೆಲಸ ಬಿಡುವಂತಿಲ್ಲ. ಅದರ ಜೊತೆಯಲ್ಲೇ ಮ್ಯಾನೇಜ್‌ಮೆಂಟ್‌ನಲ್ಲಿ ಡಾಕ್ಟರೇಟ್ ಮಾಡಬೇಕು. ಹೊಸದಾಗಿ ಸೇರಿದ ಹೆಣ್ಣುಮಕ್ಕಳು ಮೂರು ತಿಂಗಳಿಗೇ ಕಾರ್ಖಾನೆ ಬಿಟ್ಟು ಹೋಗುವುದು ಯಾಕೆ ಎಂಬುದು ಅವಳು ಹುಡುಕಬೇಕೆಂದಿದ್ದ ವಿಷಯ. ಆ ಮಾತು ಬಂದಾಗ ಮಾತ್ರ ಅವಳ ಮುಖ ಅರಳುತ್ತಿತ್ತು.

ಮೊದಲ ಸಲ ಕೇಳಿದಾಗ ಬುದ್ಧಿಯವರು ಆ ಮುಖ ನೋಡಿಯೇ ಹೇಳಿದ್ದರು. “ಮಾಡು ತಾಯಿ.”

ಮುಂದಿನ ಭಾನುವಾರ ಅವಳು ಬಂದಳು. “ಮಾಡು ಅಂದ್ಬಿಟ್ರಲ್ಲ ಬುದ್ಧಿ, ದಿನಾ ಹತ್ತು ಗಂಟೆ ಕೆಲಸ. ಓದೋದು ಯಾವಾಗ?”

“ಹಂಗಾದ್ರೆ ಬಿಡು.”

ಅದರ ಮುಂದಿನ ಭಾನುವಾರ ಮತ್ತೆ ಬಂದಳು. “ಬಿಡು ಅಂದ್ಬಿಟ್ರಲ್ಲ ಬುದ್ಧಿ, ಅರವತ್ತಾದ್ಮೇಲೆ ಓದ್ಲಿಲ್ವಲ್ಲ ಅಂತ ಹೊಟ್ಟೆ ಉರ್ಕೊಂಡು ಕೂತ್ಕೊಳ್ಳೋಕಾಗುತ್ತಾ?”

ಬೇಸತ್ತ ಬುದ್ಧಿಯವರು ಭಾನುವಾರಗಳಿಗೆ ಮೌನವ್ರತ ಹಿಡಿದರು. ಅವಳು ಎದುರಿಗೇ ಬಂದು ಕೂತಳು.

“ಮಾತಾಡೋದು ಬೇಡ ಬುದ್ಧಿ. ಮಾಡು ಅನ್ನೋದಾದ್ರೆ ಒಂದ್ಸಲ ಕಣ್ಣು ಮುಚ್ಚಿ. ಬೇಡ ಅನ್ನೋದಾದ್ರೆ ಎರಡು ಸಲ.”

ರೆಪ್ಪೆ ಬಡಿಯದೆ ಕೂತು ಕೂತು ಬುದ್ಧಿಯವರ ಕಣ್ಣಲ್ಲಿ ನೀರೇ ಬಂತು.

“ಅಳ್ತಿದ್ದೀರಾ? ಅಂದ್ರೆ ಬೇಡ ಅಂತಾನಾ?”

ವ್ರತ ಅಲ್ಲಿಗೆ ಮುರಿಯಿತು. ಬುದ್ಧಿಯವರು ಅಂದು ಕೂಗಿದ್ದು ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರಿಗೂ ಕೇಳಿಸಿತ್ತಂತೆ.

ಹೀಗೆ ಮೂರು ವರ್ಷ ಕಳೆಯಿತು. ಒಂದು ಭಾನುವಾರ ಅವಳು ಎಂದಿಗಿಂತ ಮೊದಲೇ ಬಂದಳು. ಕೈಯಲ್ಲಿ ದಪ್ಪನೆಯ ನೋಟ್‌ಬುಕ್ಕು. ಎಡಪುಟಗಳಲ್ಲಿ ಯಾಕೆ ಮಾಡಬೇಕು, ಬಲಪುಟಗಳಲ್ಲಿ ಯಾಕೆ ಬೇಡ.

“ತುಂಬಿ ಹೋಗಿದೆಯಲ್ಲ ತಾಯಿ?”

“ಇದು ಎರಡನೇದು ಬುದ್ಧಿ.”

ಬುದ್ಧಿಯವರು ಹಣೆ ಒತ್ತಿಕೊಂಡರು.

“ನಾಳೆ ಅರ್ಜಿಗೆ ಕಡೇ ದಿನ,” ಎಂದಳು ದಾಕ್ಷಾಯಿಣಿ. “ಪಿಎಚ್‌ಡಿ ಮಾಡಿಸೋ ಗೈಡು ಎರಡು ವರ್ಷದಿಂದ ನಂಗೋಸ್ಕರ ಒಂದು ಸೀಟು ಇಟ್ಕೊಂಡವ್ರೆ. ನಾಳೆ ಸಂಜೆ ದಾಟಿದ್ರೆ ಬೇರೆಯವ್ರಿಗೆ ಕೊಡ್ತಾರಂತೆ. ಈ ಸಲ ತಪ್ಪಿದ್ರೆ ಮುಗೀತು.”

“ಎರಡು ವರ್ಷದಿಂದ?”

“ಹೂಂ. ನಮ್ಮನೆಯವ್ರಿಗೂ ಹಾಸನಕ್ಕೆ ಬಡ್ತಿ ಮೇಲೆ ವರ್ಗ ಬಂದದೆ. ನಾನು ಓದೋದಾದ್ರೆ ಅವ್ರು ಮನೆ ನೋಡ್ಕೊಂಡು ಇಲ್ಲೇ ಇರ್ಬೇಕು. ‘ನೀನು ಹೇಳೋಗಂಟ ಆಫೀಸಿಗೆ ಹೂಂ ಅನ್ನಲ್ಲ, ಊಹೂಂ ಅನ್ನಲ್ಲ’ ಅಂತ ಕೂತವ್ರೆ. ಕಾರ್ಖಾನೆಲಿ ನನ್ನ ಅಸಿಸ್ಟೆಂಟು ಹುಡುಗಿಗೆ ಸಂಜೆ ಪಾಳಿ ವಹಿಸ್ತೀನಿ ಅಂದಿದ್ದೆ. ಅವಳೂ ಬೇರೆ ಕಡೆ ಬಂದ ಕೆಲಸ ಬಿಟ್ಟು ಕಾಯ್ತಾವ್ಳೆ.”

ಇದನ್ನೆಲ್ಲ ಬುದ್ಧಿಯವರು ಕೇಳಿದ್ದು ಅದೇ ಮೊದಲು. ಮೂರು ವರ್ಷ ತಮ್ಮೊಬ್ಬರ ತಲೆಯನ್ನೇ ತಿನ್ನುತ್ತಿದ್ದಾಳೆ ಅಂದುಕೊಂಡಿದ್ದರು.

“ಇಷ್ಟು ಜನ ಕಾಯ್ತಾ ಇದ್ದಾರಾ?”

“ಕಾಯ್ತಾರೆ ಬಿಡಿ ಬುದ್ಧಿ, ಒಳ್ಳೇ ಜನ. ಈಗ ನೀವು ಹೇಳಿ, ಮಾಡ್ಲೋ ಬೇಡ್ವೋ?”

ಬುದ್ಧಿಯವರಿಗೆ ಸಿಟ್ಟು ನೆತ್ತಿಗೇರಿತು. ಆದರೆ ಈ ಸಲ ಕೂಗಲಿಲ್ಲ. “ಊಟಕ್ಕೆ ನಡಿ,” ಎಂದರು.

ಆಶ್ರಮದಲ್ಲಿ ಭಾನುವಾರ ಪಂಕ್ತಿಯ ಊಟ, ಕೊನೆಗೆ ಶಾವಿಗೆ ಪಾಯಸ. ಪಾಯಸಕ್ಕೊಂದು ಕಟ್ಟಳೆ ಇತ್ತು. ಕಡೆಯ ಎಲೆಗೂ ಬಿದ್ದ ಮೇಲೆ ಗುರುಗಳು ‘ಉಣ್ಣಿ’ ಅನ್ನಬೇಕು. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ.

ಪಂಕ್ತಿಯಲ್ಲಿ ಬೇಕಾದವರು ಕೈ ತೆಗೆದು ಕೂರುತ್ತಾರೆ, ಬೇಡದವರು ಎರಡೂ ಕೈ ಎಲೆಗೆ ಅಡ್ಡ ಹಿಡಿಯುತ್ತಾರೆ. ದಾಕ್ಷಾಯಿಣಿಯದು ಇಲ್ಲೂ ಬೇರೆಯೇ ರೀತಿ. ಒಂದು ಕೈ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ಜಾಗ ತೋರಿಸುವಳು. ಅಡುಗೆಯ ದೊಡ್ಡತಾಯಮ್ಮ ಪ್ರತಿ ವಾರ ಗೊಣಗುತ್ತಾ ಅರ್ಧ ಸೌಟು ಸುರಿದು ಮುಂದೆ ಹೋಗುತ್ತಿದ್ದಳು.

ಅಂದು ಬುದ್ಧಿಯವರೇ ಪಾಯಸದ ಪಾತ್ರೆ ಇಸಿದುಕೊಂಡರು. ಹನ್ನೆರಡು ಎಲೆಗೆ ಬಡಿಸಿ ದಾಕ್ಷಾಯಿಣಿಯ ಮುಂದೆ ಬಂದು ನಿಂತರು.

“ಹಾಕ್ಲಾ ತಾಯಿ?”

“ಬೇಡ ಬುದ್ಧಿ... ಒಂಚೂರು... ಬೇಡ, ಸಕ್ಕರೆ ಜಾಸ್ತಿ...” ಒಂದು ಕೈ ಅಡ್ಡ ಬಂತು. ಇನ್ನೊಂದು ಕೈ ಜಾಗ ತೋರಿಸಿತು.

ಬುದ್ಧಿಯವರು ಪಾತ್ರೆಯನ್ನು ನೆಲಕ್ಕಿಟ್ಟು ಅವಳೆದುರೇ ಕುಕ್ಕರಗಾಲಲ್ಲಿ ಕೂತರು.

“ನಿಧಾನಕ್ಕೆ ಯೋಚ್ನೆ ಮಾಡು. ಉಂಡ್ರೆ ಹೊಟ್ಟೆ ಭಾರ ಆಗ್ಬೋದು. ಉಣ್ಣದಿದ್ರೆ ಬಸ್ಸಲ್ಲಿ ಆಸೆ ಆಗ್ಬೋದು. ನಿಮ್ಮನೆಯವ್ರನ್ನ ಒಂದ್ಮಾತು ಕೇಳ್ತೀಯಾ?”

“ಅಯ್ಯೋ, ಪಾಯಸಕ್ಕಾ ಬುದ್ಧಿ?”

“ಅವಸರ ಯಾಕೆ? ನೋಟ್‌ಬುಕ್ಕು ತಂದಿದ್ದೀಯಲ್ಲ, ಎಡಕ್ಕೊಂದು ಬಲಕ್ಕೊಂದು ಬರ್ಕೊ.”

ಪಕ್ಕದ ಎಲೆಯ ಮುದುಕಪ್ಪನ ಪಾಯಸ ಎಲೆಯಂಚಿಗೆ ಹರಿಯುತ್ತಿತ್ತು. ಅವನು ಎರಡೂ ಅಂಗೈಯಲ್ಲಿ ಅದಕ್ಕೆ ಒಡ್ಡು ಕಟ್ಟಿ ಕೂತಿದ್ದ. “ಬುದ್ಧಿ, ನಂದು ಹರ್ದೋಯ್ತಾ ಅದೆ!” ಎಂದು ಕೂಗಿದ.

ಬುದ್ಧಿಯವರು ಅತ್ತ ತಿರುಗಲೇ ಇಲ್ಲ.

ಹನ್ನೆರಡು ಜನ ಪಾಯಸ ಕಾಯುತ್ತಾ ಕೂತಿದ್ದರು. ಇನ್ನೊಂದು ಕಡೆ ಹದಿನೈದು ಜನ ಖಾಲಿ ಎಲೆ ನೋಡುತ್ತಾ ಕೂತಿದ್ದರು. ಎಲ್ಲರ ಕಣ್ಣೂ ದಾಕ್ಷಾಯಿಣಿಯ ಕೈಯ ಮೇಲೆ.

“ಏನವ್ವಾ ಇದು, ಬೇಕಂದ್ರೆ ಬೇಕನ್ನು, ಬ್ಯಾಡಂದ್ರೆ ಬ್ಯಾಡನ್ನು!” ಎಂದು ಬಾಗಿಲಲ್ಲಿ ನಿಂತ ದೊಡ್ಡತಾಯಮ್ಮ ಸಿಡುಕಿದಳು.

ದಾಕ್ಷಾಯಿಣಿಯ ಮುಖ ಕೆಂಪಾಯಿತು. “ಬುದ್ಧಿ, ಮುಂದಕ್ಕಾದ್ರೂ ಹೋಗಿ. ಜನ ಕಾಯ್ತಾವ್ರೆ!”

ಬುದ್ಧಿಯವರು ಮೆತ್ತಗೆ ಹೇಳಿದರು. “ಕಾಯ್ತಾರೆ ಬಿಡು ತಾಯಿ, ಒಳ್ಳೇ ಜನ.”

ಅವಳ ಕೈ ಅಲ್ಲೇ ನಿಂತುಬಿಟ್ಟಿತು.

ಪಂಕ್ತಿಯ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿದಳು. ಮುದುಕಪ್ಪನ ಅಂಗೈ ನೋಡಿದಳು. ಕಣ್ಣು ತುಂಬಿಕೊಂಡಿತು. ಅವಳಿಗೆ ನಾಚಿಕೆಯಾಗಿತ್ತು, ಕಾರ್ಖಾನೆಯಲ್ಲಿ ಯಾವತ್ತೂ ಆಗದಷ್ಟು ನಾಚಿಕೆ.

ಎರಡೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

“ಹಾಕಿ ಬುದ್ಧಿ.”

“ಸಕ್ಕರೆ ಜಾಸ್ತಿ ಅಂದೆ?”

“ಹಾಕಿ ಅಂದ್ನಲ್ಲ!” ಎಂದು ರೇಗಿದಳು.

ಬುದ್ಧಿಯವರು ಒಂದು ಸೌಟು ತುಂಬ ಸುರಿದರು. ಪಾಯಸ ನಾಲ್ಕೂ ಕಡೆ ಹರಿಯಿತು. ಅವಳೂ ಎಲ್ಲರ ಹಾಗೆ ಅಂಗೈ ಒಡ್ಡಿ ಕಾದಳು. ಕಡೆಯ ಎಲೆಗೆ ಬಡಿಸಿ ಬುದ್ಧಿಯವರು ‘ಉಣ್ಣಿ’ ಎಂದರು. ಪಂಕ್ತಿಗೆ ಪಂಕ್ತಿಯೇ ಸೊರ್ರನೆ ಪಾಯಸ ಎಳೆಯಿತು.

ಊಟದ ನಂತರ ದಾಕ್ಷಾಯಿಣಿ ಹೊಳೆಯ ಮೆಟ್ಟಿಲ ಮೇಲೆ ನಿಂತು ಗಂಡನಿಗೆ ಫೋನು ಮಾಡಿದಳು.

“ನಾಳೆ ಅರ್ಜಿ ಹಾಕ್ತೀನಿ. ಹಾಸನ ಬೇಡ ಅಂತ ಬರ್ದುಬಿಡಿ... ನಿಮ್ಮ ಬಡ್ತಿ ಹೋಯ್ತದೆ, ಗೊತ್ತು.”

ಆ ಕಡೆಯಿಂದ “ಸದ್ಯ! ಹೇಳಿದ್ಯಲ್ಲ ಮಾರಾಯ್ತಿ!” ಎಂದದ್ದು ಮೇಲಿನ ಮೆಟ್ಟಿಲಲ್ಲಿ ಕೂತಿದ್ದ ಬುದ್ಧಿಯವರಿಗೂ ಕೇಳಿಸಿತು.

ಅವಳು ಅಸಿಸ್ಟೆಂಟಿಗೂ ಫೋನು ಮಾಡಿ, ಕಣ್ಣೊರೆಸಿಕೊಂಡು ಮೇಲೆ ಬಂದಳು. ಕಾಲಿಗೆ ನಮಸ್ಕಾರ ಮಾಡಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ತಿರುಗಿ ನಿಂತಳು.

ಬುದ್ಧಿಯವರ ಕೈ ಮತ್ತೆ ಹಣೆಗೆ ಹೋಯಿತು.

“ಬುದ್ಧಿ, ಒಂದೇ ಒಂದು ಪ್ರಶ್ನೆ. ನಾನು ಎರಡೂ ಕೈ ಅಡ್ಡ ಹಿಡಿದು ಬೇಡ ಅಂದಿದ್ರೆ?”

“ಆಗ್ಲೂ ಪಂಕ್ತಿ ಉಣ್ತಿತ್ತು ತಾಯಿ.”